ಹರೆಯಕ್ಕೆ ಕಾಲಿಡುವ ಹುಡುಗರ ಹಾರ್ಮೋನ್ ಅಳೆಯುವುದು ಹೇಗೆ

ಹದಿಮೂರು ವರ್ಷದ ಹುಡುಗನೊಬ್ಬನ ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 45 ನ್ಯಾನೊಗ್ರಾಂ ಎಂದು ರಿಪೋರ್ಟ್ ಬಂದಿದೆ ಎಂದುಕೊಳ್ಳಿ. ಇದು ಕಡಿಮೆಯೋ, ಸರಿಯೋ? ಇಷ್ಟನ್ನೇ ನೋಡಿ ಹೇಳಲಾಗದು. ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಅಂದು ವೃಷಣದ ಗಾತ್ರ ಎಷ್ಟಿತ್ತು, ಲ್ಯಾಬ್ ಯಾವ ವಿಧಾನದಲ್ಲಿ ಅಳೆಯಿತು ಎಂಬ ಮೂರು ಸಂಗತಿ ಕೈಯಲ್ಲಿದ್ದರೆ ಆ 45ಕ್ಕೆ ಅರ್ಥ ಬರುತ್ತದೆ. ವೃಷಣ 4 ಮಿಲಿ ಇದ್ದು ಬೆಳಗ್ಗೆ 8ಕ್ಕೆ ತೆಗೆದದ್ದಾದರೆ ಹರೆಯ ಈಗಷ್ಟೇ ಶುರುವಾಗಿದೆ, ಗಾಬರಿಪಡುವುದೇನಿಲ್ಲ. ವೃಷಣ 15 ಮಿಲಿ ಇದ್ದೂ ಬೆಳಗ್ಗೆಯೇ 45 ಬಂದರೆ ಎಲ್ಲೋ ಏನೋ ತಪ್ಪಿದೆ: ದೇಹದಲ್ಲೋ, ಟ್ಯೂಬಿನಲ್ಲೋ, ಯಂತ್ರದಲ್ಲೋ.

ಮಕ್ಕಳ ವೈದ್ಯಕೀಯಕ್ಕೆ ಹೊಸದಾಗಿ ಬಂದವರಿಗೆ, ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ, ಮತ್ತು ಮಗನ ರಿಪೋರ್ಟ್ ಕೈಯಲ್ಲಿ ಹಿಡಿದು ಕಂಗಾಲಾದ ತಂದೆತಾಯಿಗೆ ಉಪಯೋಗವಾಗಲೆಂದು ಇದನ್ನು ಬರೆಯಲಾಗಿದೆ.

ಅಳೆಯುವ ಮೊದಲು ಇಷ್ಟು ತಿಳಿದಿರಲಿ

ಮೆದುಳಿನ ಹೈಪೊಥಾಲಮಸ್ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು, ಮಿಡಿತದಂತೆ ಸ್ರವಿಸುತ್ತದೆ. ಅದಕ್ಕೆ ಓಗೊಟ್ಟು ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಬಿಡುತ್ತದೆ. ಎಲ್‌ಎಚ್ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟಿರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಆ ಕೋಶಗಳು ಇನ್ಹಿಬಿನ್ ಬಿ ಮತ್ತು ಎಎಂಎಚ್ ಎಂಬ ಎರಡು ಗುರುತುಗಳನ್ನು ರಕ್ತಕ್ಕೆ ಬಿಡುತ್ತವೆ.

ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಈ ವ್ಯವಸ್ಥೆ ಒಮ್ಮೆ ಎಚ್ಚರವಾಗಿರುತ್ತದೆ. ಒಂದರಿಂದ ಮೂರು ತಿಂಗಳ ಹಸುಗೂಸಿನಲ್ಲಿ ಟೆಸ್ಟೋಸ್ಟಿರಾನ್ ಚೆನ್ನಾಗಿಯೇ ಸಿಗುತ್ತದೆ. ಆರು ತಿಂಗಳ ಹೊತ್ತಿಗೆ ಇಳಿದು, ಮುಂದೆ ಹರೆಯದವರೆಗೂ ಮಲಗಿರುತ್ತದೆ. ಆ ಮಧ್ಯದ ವರ್ಷಗಳಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್ ಮೂರನ್ನೂ ಅಳೆದರೆ ಆರೋಗ್ಯವಂತ ಹುಡುಗನಲ್ಲೂ ಕಡಿಮೆಯೇ, ಪಿಟ್ಯುಟರಿ ಕೆಲಸ ಮಾಡದ ಹುಡುಗನಲ್ಲೂ ಕಡಿಮೆಯೇ. ಏಳೆಂಟು ವರ್ಷದ ಹುಡುಗನಿಗೆ 'ಒಮ್ಮೆ ಎಲ್ಲ ಹಾರ್ಮೋನ್ ನೋಡಿಬಿಡೋಣ' ಎಂದು ಬರೆಯುವ ಚೀಟಿಯಿಂದ ಹೆಚ್ಚಿನ ಸಲ ಉತ್ತರ ಸಿಗುವುದಿಲ್ಲ. ಆ ವಯಸ್ಸಿನಲ್ಲಿ ವೃಷಣದ ಬಗ್ಗೆ ನಿಜವಾಗಿ ಏನಾದರೂ ಹೇಳುವುದು ಎಎಂಎಚ್ ಮತ್ತು ಇನ್ಹಿಬಿನ್ ಬಿ.

ಹುಡುಗರಲ್ಲಿ ಹರೆಯ ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. 9ಕ್ಕೆ ಮೊದಲೇ ಶುರುವಾದರೆ ಬೇಗ ಬಂತು ಎನ್ನುತ್ತೇವೆ, 14 ತುಂಬಿದರೂ ವೃಷಣ ದೊಡ್ಡದಾಗದಿದ್ದರೆ ತಡವಾಯಿತು ಎನ್ನುತ್ತೇವೆ. ಮೀಸೆ ಚಿಗುರಿತು, ದನಿ ಒಡೆಯಿತು ಎಂದು ಮನೆಯವರು ಗಮನಿಸುವ ಹೊತ್ತಿಗೆ ಶುರುವಾಗಿ ಎಷ್ಟೋ ಕಾಲವಾಗಿರುತ್ತದೆ. ಮೊದಲ ಗುರುತು ವೃಷಣ 4 ಮಿಲಿ ಮುಟ್ಟುವುದು, ಅಥವಾ ಅದರ ಉದ್ದ 2.5 ಸೆಂಮೀ ದಾಟುವುದು.

ಸೂಜಿಗಿಂತ ಮೊದಲು ಮಣಿಸರ

ಇದಕ್ಕಾಗಿಯೇ ಪ್ರಾಡರ್ ಆರ್ಕಿಡೋಮೀಟರ್ ಇದೆ. ದಾರಕ್ಕೆ ಪೋಣಿಸಿದ 12 ಮಣಿಗಳು: 1, 2, 3, 4, 5, 6, 8, 10, 12, 15, 20, 25 ಮಿಲಿ. ಕೋಣೆ ಬೆಚ್ಚಗಿರಬೇಕು, ಕೈ ತಣ್ಣಗಿರಬಾರದು. ಯಾಕೆ ನೋಡುತ್ತಿದ್ದೇವೆ, ಏನು ಮಾಡುತ್ತೇವೆ ಎಂಬುದನ್ನು ಮೊದಲು ಹುಡುಗನಿಗೇ ಹೇಳಿ, ಅವನು ಒಪ್ಪಿದ ಮೇಲೆ, ಅವನು ಬಯಸಿದ ಹಿರಿಯರೊಬ್ಬರು ಜೊತೆಗಿರುವಾಗ ಮಾತ್ರ ಪರೀಕ್ಷೆ ಮಾಡಬೇಕು. ಬೇಡವೆಂದರೆ ಬಲವಂತ ಸಲ್ಲ. ಇನ್ನೊಂದು ದಿನ ಮಾಡಬಹುದು, ಅಲ್ಟ್ರಾಸೌಂಡ್ ಮೂಲಕವೂ ಅಳೆಯಬಹುದು.

ಒಂದು ಕೈಯಲ್ಲಿ ವೃಷಣ, ಇನ್ನೊಂದರಲ್ಲಿ ಮಣಿಸರ. ಹಿಂಬದಿಗೆ ಅಂಟಿಕೊಂಡ ಎಪಿಡಿಡಿಮಿಸ್ (ವೀರ್ಯಾಣು ಸಾಗುವ ನಾಳದ ಸುರುಳಿ) ಅನ್ನು ಲೆಕ್ಕಕ್ಕೆ ಸೇರಿಸಬಾರದು. ಹೊಸಬರು ಅದನ್ನೂ ಸೇರಿಸಿ 3 ಮಿಲಿ ಇದ್ದದ್ದನ್ನು 5 ಎಂದು ಬರೆಯುವುದುಂಟು, ಆಗ ಹರೆಯ ಬರದ ಹುಡುಗನೂ ಕಾಗದದ ಮೇಲೆ ಹರೆಯಕ್ಕೆ ಬಂದುಬಿಡುತ್ತಾನೆ. ಎರಡು ಮಣಿಗಳ ನಡುವೆ ಅನುಮಾನ ಬಂದರೆ ಎರಡನ್ನೂ ಬರೆಯಿರಿ. ಎಡ ಬಲ ಬೇರೆ ಬೇರೆ ಬರೆಯಿರಿ. ಗಾತ್ರದ ಜೊತೆಗೆ ಗಟ್ಟಿತನವನ್ನೂ ದಾಖಲಿಸಿ, ಅದು ಮುಂದೆ ಬೇಕಾಗುತ್ತದೆ.

ಅಲ್ಟ್ರಾಸೌಂಡಿನಲ್ಲಾದರೆ ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿ, ಬಂದದ್ದನ್ನು 0.71ರಿಂದ ಅಥವಾ 0.52ರಿಂದ ಗುಣಿಸುತ್ತಾರೆ. ಯಾವ ಗುಣಕ ಬಳಸಿದರೆಂದು ಬರೆಯದ ಅಲ್ಟ್ರಾಸೌಂಡ್ ವರದಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಮಣಿಸರದ ಲೆಕ್ಕಕ್ಕೆ ಚರ್ಮವೂ ಸೇರುವುದರಿಂದ ಅದು ಅಲ್ಟ್ರಾಸೌಂಡಿಗಿಂತ ಹೆಚ್ಚು ತೋರಿಸುತ್ತದೆ. ಇವತ್ತು ಒಂದರಲ್ಲಿ, ಆರು ತಿಂಗಳ ಮೇಲೆ ಇನ್ನೊಂದರಲ್ಲಿ ಅಳೆದರೆ ಬೆಳೆದದ್ದೂ ಕುಗ್ಗಿದಂತೆ ಕಂಡೀತು.

ಅದೇ ದಿನ ಎತ್ತರ, ತೂಕ, ಟ್ಯಾನರ್ ಹಂತ (ಹರೆಯದ ಬೆಳವಣಿಗೆಯನ್ನು 1ರಿಂದ 5ರವರೆಗೆ ಗುರುತಿಸುವ ಕ್ರಮ) ಕೂಡ ದಾಖಲಾಗಲಿ. ಟ್ಯಾನರ್ ಹಂತದಲ್ಲಿ ಜನನಾಂಗದ ಬೆಳವಣಿಗೆಯನ್ನೂ ರೋಮದ ಹಂತವನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. ರೋಮ ಅಡ್ರಿನಲ್ ಗ್ರಂಥಿಯ ಹಾರ್ಮೋನಿನಿಂದಲೂ ಬರುತ್ತದೆ.

ಯಾವುದನ್ನು ಬರೆಸಬೇಕು

ಬಹುಪಾಲು ಹುಡುಗರಿಗೆ ಮೊದಲ ಸುತ್ತಿನಲ್ಲಿ ಮೂರು ಸಾಕು: ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್. ಮಿಕ್ಕದ್ದು ಪ್ರಶ್ನೆಗೆ ತಕ್ಕಂತೆ. ರೋಮ ಬಂದಿದೆ, ವೃಷಣ ಚಿಕ್ಕದೇ ಇದೆ ಎಂದಾದರೆ ಅಡ್ರಿನಲ್ ಕಡೆಯ ಹಾರ್ಮೋನುಗಳಾದ ಡಿಎಚ್‌ಇಎ ಸಲ್ಫೇಟ್ ಮತ್ತು 17-ಹೈಡ್ರಾಕ್ಸಿಪ್ರೊಜೆಸ್ಟಿರಾನ್. ಈ ಎರಡನೆಯದಕ್ಕೆ ಬೆಳಗ್ಗೆ 8ರೊಳಗಿನ ರಕ್ತ ಬೇಕು. ಹರೆಯ ತಡವಾಗಿದ್ದರೆ ಇನ್ಹಿಬಿನ್ ಬಿ ಸೇರಿಸಿ. ಬೇಗ ಬಂದಿದ್ದು, ಟೆಸ್ಟೋಸ್ಟಿರಾನ್ ಏರಿದ್ದರೂ ಎಲ್‌ಎಚ್ ಇಲ್ಲದಿದ್ದರೆ ಬೀಟಾ ಎಚ್‌ಸಿಜಿ. ಕೆಲವು ಗಡ್ಡೆಗಳು ಸ್ರವಿಸುವ ಎಚ್‌ಸಿಜಿ ಎಲ್‌ಎಚ್‌ನ ಗ್ರಾಹಕಕ್ಕೇ ಅಂಟಿ ವೃಷಣವನ್ನು ಕೆಲಸಕ್ಕೆ ಹಚ್ಚುತ್ತದೆ. ದಪ್ಪ ಮೈಯ ಹುಡುಗನಲ್ಲಿ ಟೆಸ್ಟೋಸ್ಟಿರಾನನ್ನು ರಕ್ತದಲ್ಲಿ ಹೊರುವ ಪ್ರೋಟೀನಾದ ಎಸ್‌ಎಚ್‌ಬಿಜಿ ಕಡಿಮೆಯಿರುವುದರಿಂದ ಒಟ್ಟು ಟೆಸ್ಟೋಸ್ಟಿರಾನ್ ಕೂಡ ಕಡಿಮೆ ಕಾಣುತ್ತದೆ, ಅಲ್ಲಿ ಎಸ್‌ಎಚ್‌ಬಿಜಿ ಜೊತೆಗಿರಬೇಕು. ಎಸ್ಟ್ರಡೈಯಾಲ್ (ಈಸ್ಟ್ರೊಜೆನ್ ಗುಂಪಿನ ಹಾರ್ಮೋನ್) ಅನ್ನು ಕಾರಣವಿಲ್ಲದೆ ಬರೆಸಬೇಡಿ. ಹುಡುಗರಲ್ಲಿರುವ ಅಲ್ಪ ಪ್ರಮಾಣವನ್ನು ಸಾಮಾನ್ಯ ಯಂತ್ರ ಸರಿಯಾಗಿ ಅಳೆಯುವುದೇ ಇಲ್ಲ.

ಗಡಿಯಾರ

ಹರೆಯ ಶುರುವಾಗುವುದು ನಿದ್ದೆಯಲ್ಲಿ. ಆರಂಭದಲ್ಲಿ ಎಲ್‌ಎಚ್ ಮಿಡಿತ ಏಳುವುದು ಮಲಗಿದ ಮೇಲೆ. ಟೆಸ್ಟೋಸ್ಟಿರಾನ್ ರಾತ್ರಿಯೆಲ್ಲ ಏರಿ ಮುಂಜಾನೆ ಉಚ್ಛ್ರಾಯದಲ್ಲಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಹುಡುಗನ ರಕ್ತ ಹರೆಯ ಬರದ ಮಗುವಿನ ರಕ್ತದಂತೆಯೇ ಇರಬಲ್ಲದು. ಶಾಲೆ ಮುಗಿಸಿ ಸಂಜೆ ಲ್ಯಾಬಿಗೆ ಹೋಗಿ ಕೊಟ್ಟ ರಕ್ತದಿಂದ 'ಹಾರ್ಮೋನೇ ಇಲ್ಲ' ಎಂಬ ತೀರ್ಮಾನಕ್ಕೆ ಬರುವುದು ಈ ಕ್ಷೇತ್ರದಲ್ಲಿ ಪದೇ ಪದೇ ಆಗುವ ತಪ್ಪು, ತಪ್ಪಿಸಲು ಅತಿ ಸುಲಭವಾದ ತಪ್ಪೂ ಹೌದು.

ಬೆಳಗ್ಗೆ 7ರಿಂದ 9ರೊಳಗೆ ರಕ್ತ ತೆಗೆಯಿರಿ. ಹಿಂದಿನ ರಾತ್ರಿ ಎಂದಿನಂತೆ ನಿದ್ದೆ ಆಗಿರಬೇಕು. ರಾತ್ರಿಯಿಡೀ ಪ್ರಯಾಣ ಮಾಡಿ ಬಂದವನ ಮಾದರಿ ನಂಬಿಕೆಗೆ ಯೋಗ್ಯವಲ್ಲ. ಖಾಲಿ ಹೊಟ್ಟೆಯಲ್ಲಿದ್ದರೆ ಒಳ್ಳೆಯದು, ನೀರು ಕುಡಿಯಬಹುದು, ರಕ್ತ ಕೊಟ್ಟ ಕೂಡಲೇ ತಿಂಡಿ ಸಿಗುವಂತಿರಲಿ. ಜ್ವರ ಬಂದಾಗ, ದೊಡ್ಡ ಕಾಯಿಲೆಯಿಂದ ಈಗಷ್ಟೇ ಎದ್ದಾಗ ಅಳೆಯಬೇಡಿ. ಕಾಯಿಲೆ ಈ ಇಡೀ ಸರಪಳಿಯನ್ನೇ ತಗ್ಗಿಸುತ್ತದೆ. ಎರಡು ಮೂರು ವಾರ ಕಾಯಿರಿ.

ಎಲ್‌ಎಚ್ ಮಿಡಿತದಂತೆ ಬರುವುದರಿಂದ ಒಂದೇ ಮಾದರಿ ಎರಡು ಮಿಡಿತಗಳ ನಡುವಿನ ತಗ್ಗಿಗೆ ಸಿಕ್ಕಿಬೀಳಬಹುದು. ಅನುಮಾನವಿದ್ದರೆ 20 ನಿಮಿಷದ ಅಂತರದಲ್ಲಿ ಮೂರು ಸಲ ತೆಗೆದು, ಮೂರರ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಸಮವಾಗಿ ಬೆರೆಸಿ ಒಮ್ಮೆ ಅಳೆಯುವ ಕ್ರಮವಿದೆ. ಎಫ್‌ಎಸ್‌ಎಚ್‌ಗೆ ಈ ತೊಂದರೆ ಅಷ್ಟಿಲ್ಲ, ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಔಷಧಿಗಳನ್ನು ಕೇಳುವಾಗ ಮಾತ್ರೆಗಳನ್ನಷ್ಟೇ ಕೇಳಿದರೆ ಸಾಲದು. ಕೂದಲು, ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಎಂಬ ವಿಟಮಿನ್ ಬಗ್ಗೆ ಕೇಳಿ, ಕನಿಷ್ಠ 2–3 ದಿನ ಮೊದಲು ನಿಲ್ಲಿಸಿ. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಮೊದಲೇ. ಸ್ಟಿರಾಯ್ಡ್ ಮಾತ್ರೆ ಇದೆಯೇ ಕೇಳಿ, ಆದರೆ ಅದನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಲೇಬಾರದು. ಮನೆಯಲ್ಲಿ ದೊಡ್ಡವರು ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿಕೊಳ್ಳುತ್ತಾರೆಯೇ ಎಂದೂ ಕೇಳಿ. ಅಪ್ಪನ ತೋಳಿನಿಂದ ಮಗುವಿನ ಚರ್ಮಕ್ಕೆ ಆ ಜೆಲ್ ದಾಟುತ್ತದೆ. ಮಗುವಿನ ಟೆಸ್ಟೋಸ್ಟಿರಾನ್ ಏರಿ, ಎಲ್‌ಎಚ್ ನೆಲ ಕಚ್ಚಿರುತ್ತದೆ.

ರಕ್ತ ತೆಗೆಯುವುದು, ಇಡುವುದು

ನೋವು ತಿಳಿಯದಂತೆ ಮಾಡುವ ಲಿಡೊಕೇನ್–ಪ್ರಿಲೊಕೇನ್ ಮುಲಾಮನ್ನು ಒಂದು ಗಂಟೆ ಮುಂಚೆ ಹಚ್ಚಿದರೆ ಕೆಲಸ ಅರ್ಧ ಸಲೀಸು. ಹರೆಯದ ಹುಡುಗರು ರಕ್ತ ನೋಡಿ ತಲೆಸುತ್ತಿ ಬೀಳುವುದು ಅಪರೂಪವಲ್ಲ. ಕೂರಿಸುವ ಬದಲು ಮಲಗಿಸಿಯೇ ತೆಗೆಯಿರಿ. ಮೂರು ಹಾರ್ಮೋನಿಗೆ 3–4 ಮಿಲಿ ರಕ್ತ ಸಾಕು, ಅದರ ಅರ್ಧದಷ್ಟು ಸೀರಮ್ ಸಿಗುತ್ತದೆ. ಮಕ್ಕಳ ಮೈಯಲ್ಲಿ ಕೆಜಿಗೆ ಸುಮಾರು 70–75 ಮಿಲಿ ರಕ್ತವಿರುತ್ತದೆ ಎಂಬುದು ನೆನಪಿರಲಿ, 'ಇರಲಿ' ಎಂದು ಹೆಚ್ಚುವರಿ ಟ್ಯೂಬು ತುಂಬುವುದು ಬೇಡ.

ಸೀರಮ್ ಟ್ಯೂಬು ಬಳಸಿ. ಮಾಸ್ ಸ್ಪೆಕ್ಟ್ರೊಮೆಟ್ರಿಗೆ (ಅಣುಗಳನ್ನು ತೂಕದಿಂದ ಗುರುತಿಸಿ ಅಳೆಯುವ ವಿಧಾನ) ಹೋಗುವ ಮಾದರಿಯಾದರೆ ಜೆಲ್ ಇಲ್ಲದ ಕೆಂಪು ಮುಚ್ಚಳದ ಟ್ಯೂಬು ವಾಸಿ, ಏಕೆಂದರೆ ಕೆಲವು ಜೆಲ್‌ಗಳು ಸ್ಟಿರಾಯ್ಡ್ ಮಾಪನಕ್ಕೆ ಅಡ್ಡ ಬರುತ್ತವೆ. ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡಿ. ಅವಸರಕ್ಕೆ ಹತ್ತೇ ನಿಮಿಷದಲ್ಲಿ ಸೆಂಟ್ರಿಫ್ಯೂಜಿಗೆ ಹಾಕಿದರೆ ಸೀರಮ್ಮಿನಲ್ಲಿ ಜೇಡನ ಬಲೆಯಂತೆ ಫೈಬ್ರಿನ್ ಎಳೆಗಳು ತೇಲುತ್ತವೆ. ಅವು ಯಂತ್ರದ ಹೀರುಕೊಳವೆಗೆ ಸಿಕ್ಕಿ ಅರ್ಧಂಬರ್ಧ ಸೀರಮ್ ಒಳಗೆ ಹೋಗುತ್ತದೆ, ಸಂಖ್ಯೆ ಸುಳ್ಳೇ ಕಡಿಮೆಯಾಗುತ್ತದೆ. ಆಮೇಲೆ 10 ನಿಮಿಷ, 1,500 ಜಿ ಬಲದಲ್ಲಿ ತಿರುಗಿಸಿ. ಇದು ಸುತ್ತುಗಳ ಲೆಕ್ಕವಲ್ಲ: 15 ಸೆಂಮೀ ತ್ರಿಜ್ಯದ ಯಂತ್ರದಲ್ಲಿ ನಿಮಿಷಕ್ಕೆ 3,000 ಸುತ್ತು ಈ ಬಲ ಕೊಡುತ್ತದೆ, 10 ಸೆಂಮೀ ಯಂತ್ರದಲ್ಲಿ ಅಷ್ಟೇ ಸುತ್ತಿಗೆ ಸಿಗುವುದು ಸುಮಾರು 1,000 ಜಿ ಮಾತ್ರ.

ಬೇರ್ಪಟ್ಟ ಸೀರಮ್ 2–8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕೆಲವು ದಿನ ಕೆಡದೆ ಇರುತ್ತದೆ. ಇನ್ಹಿಬಿನ್ ಬಿ, ಎಎಂಎಚ್ ಅಷ್ಟು ಸಹಿಸುವುದಿಲ್ಲ. ಅವುಗಳ ಸೀರಮ್ಮನ್ನು ಬೇಗ ಬೇರ್ಪಡಿಸಿ, ಅಂದೇ ಅಳೆಯದಿದ್ದರೆ ಮೈನಸ್ 20 ಡಿಗ್ರಿಯಲ್ಲಿ ಇಡಿ. ಚಿಕ್ಕ ಚಿಕ್ಕ ಪಾಲು ಮಾಡಿ ಇಟ್ಟರೆ ಮರುಪರೀಕ್ಷೆಗೆಂದು ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವ ಗೋಜಿಲ್ಲ.

ಚೀಟಿಯ ಮೇಲೆ ಹೆಸರು, ವಯಸ್ಸಿನ ಜೊತೆಗೆ ರಕ್ತ ತೆಗೆದ ಗಂಟೆ ನಿಮಿಷ, ಎಡ ಬಲ ವೃಷಣದ ಗಾತ್ರ, ಟ್ಯಾನರ್ ಹಂತ, ಔಷಧಿ. ಲ್ಯಾಬಿಗೆ ಇಷ್ಟು ತಲುಪಿದರೆ ವಿಚಿತ್ರ ಫಲಿತಾಂಶ ಬಂದಾಗ ಅಲ್ಲಿಯೇ ಯಾರಾದರೂ ತಡೆದು ಮತ್ತೆ ನೋಡುತ್ತಾರೆ.

ಯಂತ್ರದೊಳಗೆ ಏನಾಗುತ್ತದೆ

ಸಾಮಾನ್ಯ ಲ್ಯಾಬುಗಳ ಟೆಸ್ಟೋಸ್ಟಿರಾನ್ ಇಮ್ಯುನೊಅಸ್ಸೇ (ಪ್ರತಿಕಾಯ ಬಳಸಿ ಅಳೆಯುವ ವಿಧಾನ) ವಯಸ್ಕ ಗಂಡಸರ ಮಟ್ಟಕ್ಕೆ ಹೊಂದಿಸಿದ್ದು. ಡೆಸಿಲೀಟರಿಗೆ 500 ನ್ಯಾನೊಗ್ರಾಂ ಇರುವಲ್ಲಿ 20 ಆಚೀಚೆಯಾದರೆ ಯಾರಿಗೂ ನಷ್ಟವಿಲ್ಲ. ಹುಡುಗನಲ್ಲಿ ಇರುವುದೇ 15 ಆದಾಗ ಅದೇ 20ರ ವ್ಯತ್ಯಾಸ ರೋಗನಿರ್ಣಯವನ್ನೇ ತಿರುಗಿಸುತ್ತದೆ. ಬೇರೆ ಸ್ಟಿರಾಯ್ಡುಗಳನ್ನೂ ಟೆಸ್ಟೋಸ್ಟಿರಾನ್ ಎಂದು ಎಣಿಸಿಕೊಳ್ಳುವ ಚಾಳಿಯೂ ಅದಕ್ಕಿದೆ. ಆದ್ದರಿಂದ ಹರೆಯದ ಆರಂಭದ ಹುಡುಗರಿಗೆ ಲಿಕ್ವಿಡ್ ಕ್ರೊಮಟೋಗ್ರಫಿ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೆಟ್ರಿಯಲ್ಲೇ ಟೆಸ್ಟೋಸ್ಟಿರಾನ್ ಅಳೆಸಿ. ಎಲ್‌ಎಚ್‌ಗೆ ಇಮ್ಯುನೊಅಸ್ಸೇ ಸಾಕು, ಆದರೆ ಲೀಟರಿಗೆ 0.1 ಐಯು (ಅಂತಾರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕೂ ಕೆಳಗೆ ನಂಬಿಕೆಯಿಂದ ಓದಬಲ್ಲ ಯಂತ್ರ ಬೇಕು. 'ಒಂದಕ್ಕಿಂತ ಕಡಿಮೆ' ಎಂದಷ್ಟೇ ಹೇಳುವ ಯಂತ್ರ ಈ ಕೆಲಸಕ್ಕೆ ಬಾರದು.

ಬಯೋಟಿನ್ ಮಾಡುವ ಮೋಸ ಇದು: ಅನೇಕ ಯಂತ್ರಗಳು ಬಯೋಟಿನ್–ಸ್ಟ್ರೆಪ್ಟಾವಿಡಿನ್ ಬೆಸುಗೆಯ ಮೇಲೆ ನಡೆಯುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಎಲ್‌ಎಚ್, ಎಫ್‌ಎಸ್‌ಎಚ್ ಸುಳ್ಳೇ ಕಡಿಮೆಯಾಗುತ್ತವೆ, ಟೆಸ್ಟೋಸ್ಟಿರಾನ್ ಸುಳ್ಳೇ ಹೆಚ್ಚಾಗುತ್ತದೆ. ಈ ಎರಡೂ ಸೇರಿದರೆ ನೋಡಲು ಥೇಟ್ ಗಡ್ಡೆಯ ರಿಪೋರ್ಟಿನಂತೆಯೇ ಇರುತ್ತದೆ. ಹುಡುಗನ ಮೈಗೂ ಕಾಗದಕ್ಕೂ ತಾಳೆಯಾಗದಿದ್ದರೆ ಸ್ಕ್ಯಾನಿಗೆ ಓಡುವ ಮೊದಲು ಬೇರೆ ವಿಧಾನದಲ್ಲಿ ಮತ್ತೆ ಅಳೆಸಿ.

ಮಾನಗಳನ್ನೂ ನೋಡಿಕೊಳ್ಳಿ. ಡೆಸಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂಬುದನ್ನು 28.8ರಿಂದ ಭಾಗಿಸಿದರೆ ಲೀಟರಿಗೆ ಇಷ್ಟು ನ್ಯಾನೊಮೋಲ್ ಎಂದಾಗುತ್ತದೆ. ಕೆಲವು ಲ್ಯಾಬುಗಳು ಮಿಲಿಲೀಟರಿಗೆ ಲೆಕ್ಕ ಕೊಡುತ್ತವೆ, ಅಲ್ಲಿ 0.45 ಎಂದರೆ ಇಲ್ಲಿಯ 45.

ಸಂಖ್ಯೆ ಓದುವುದು

ರಿಪೋರ್ಟಿನ ಬಲಗಡೆ ಅಚ್ಚಾದ ಮಿತಿಯನ್ನು ಮೊದಲು ನೋಡಿ. 12 ವರ್ಷದ ಹುಡುಗನ ಹೆಸರಿನ ಎದುರು ವಯಸ್ಕ ಗಂಡಸರ 300–1,000 ಎಂಬ ಮಿತಿ ಅಚ್ಚಾಗಿ, ಪಕ್ಕದಲ್ಲಿ ಕೆಂಪಕ್ಷರದಲ್ಲಿ 'ಕಡಿಮೆ' ಎಂದು ಬಿದ್ದಿರುತ್ತದೆ. ಅದನ್ನು ನೋಡಿ ಮನೆಮಂದಿ ರಾತ್ರಿಯಿಡೀ ನಿದ್ದೆಗೆಟ್ಟಿರುತ್ತಾರೆ. ಆ ಕೆಂಪಕ್ಷರಕ್ಕೆ ಬೆಲೆಯಿಲ್ಲ. ವಯಸ್ಸಿಗಿಂತಲೂ ಟ್ಯಾನರ್ ಹಂತಕ್ಕೆ ತಕ್ಕ, ಅದೇ ವಿಧಾನದ ಮಿತಿಯನ್ನು ಲ್ಯಾಬಿನಿಂದ ಕೇಳಿ ಪಡೆಯಿರಿ.

ಸ್ಥೂಲವಾಗಿ ಹೇಳುವುದಾದರೆ, ಹರೆಯಕ್ಕೆ ಮೊದಲು ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 20 ನ್ಯಾನೊಗ್ರಾಂ ಒಳಗಿರುತ್ತದೆ. ವೃಷಣ ಇನ್ನೂ ಚಿಕ್ಕದಿದ್ದಾಗಲೇ ಬೆಳಗಿನ ಮಟ್ಟ 20 ದಾಟಿದ್ದರೆ ಮುಂದಿನ ಒಂದು, ಒಂದೂಕಾಲು ವರ್ಷದಲ್ಲಿ ವೃಷಣ ಬೆಳೆಯುವ ಸಂಭವ ಹೆಚ್ಚು. ತಡವಾಯಿತೆಂದು ಕೊರಗುವ ಹುಡುಗನಿಗೆ ಹೇಳಬಹುದಾದ ಒಳ್ಳೆಯ ಸುದ್ದಿ ಅದು. ಎಲ್‌ಎಚ್ ಲೀಟರಿಗೆ 0.3 ಐಯು ದಾಟಿದರೆ ಪಿಟ್ಯುಟರಿ ಎದ್ದಿದೆ ಎಂದು ತಿಳಿಯಬಹುದು. ಅದಕ್ಕಿಂತ ಕಡಿಮೆ ಇದ್ದರೆ ಎದ್ದಿಲ್ಲ ಎಂದು ಖಚಿತವಾಗಿ ಹೇಳಲಾಗದು.

ಎಎಂಎಚ್ ಉಲ್ಟಾ ಓಡುತ್ತದೆ. ಬಾಲ್ಯವಿಡೀ ಎತ್ತರದಲ್ಲಿದ್ದು, ವೃಷಣದೊಳಗೆ ಟೆಸ್ಟೋಸ್ಟಿರಾನ್ ಏರಿದೊಡನೆ ಬೀಳುತ್ತದೆ. ಹರೆಯದ ಹೊಸ್ತಿಲಲ್ಲಿ ಎಎಂಎಚ್ ಇಳಿದಿದ್ದರೆ ಅದು ಶುಭ ಸೂಚನೆ, ಕೊರತೆ ಅಲ್ಲ.

ಎಫ್‌ಎಸ್‌ಎಚ್ ವಯಸ್ಕರ ಮೇಲ್ಮಿತಿಯನ್ನೂ ದಾಟಿ ಎಲ್‌ಎಚ್ ಕೂಡ ಏರಿದ್ದರೆ ವೃಷಣವೇ ಸೋತಿದೆ, ಪಿಟ್ಯುಟರಿ ಕೂಗುತ್ತಿದೆ. ಮೈ ಹರೆಯಕ್ಕೆ ಬಂದಿದೆ, ರೋಮ, ಎತ್ತರ ಎಲ್ಲ ಸರಿ, ಆದರೆ ವೃಷಣ ಮಾತ್ರ ಚಿಕ್ಕದು, ಗಟ್ಟಿ: ಇಲ್ಲಿ ಕ್ರೋಮೋಸೋಮ್ ಪರೀಕ್ಷೆ ಮಾಡಿಸಲೇಬೇಕು. 47,ಎಕ್ಸ್‌ಎಕ್ಸ್‌ವೈ ಇರುವ ಕ್ಲೈನ್‌ಫೆಲ್ಟರ್ ಹುಡುಗರಲ್ಲಿ ಟೆಸ್ಟೋಸ್ಟಿರಾನ್ ಹರೆಯದ ನಡುವಿನವರೆಗೂ ಸರಿಯಾಗಿಯೇ ಇರುತ್ತದೆ, ರಕ್ತಕ್ಕಿಂತ ಮೊದಲು ಸುಳಿವು ಕೊಡುವುದು ಮಣಿಸರ ಹಿಡಿದ ಕೈ.

14 ದಾಟಿದ ಹುಡುಗನಲ್ಲಿ ಮೂರೂ ಕಡಿಮೆ ಇದ್ದರೆ ಬಲು ಕಷ್ಟದ ಪ್ರಶ್ನೆ ಎದುರಾಗುತ್ತದೆ: ತಡವಾಗಿ ಬರುವ ಹರೆಯವೋ, ಬರಲಾರದ ಹರೆಯವೋ? ಒಂದೇ ರಕ್ತಪರೀಕ್ಷೆ ಇದನ್ನು ಬಿಡಿಸದು. ಇನ್ಹಿಬಿನ್ ಬಿ ಚೆನ್ನಾಗಿದ್ದರೆ ತಡದ ಕಡೆಗೆ ವಾಲುತ್ತೇವೆ, ತೀರಾ ಕಡಿಮೆಯಿದ್ದರೆ ಕೊರತೆಯ ಕಡೆಗೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು, ತಂದೆತಾಯಿಗೆ ಹರೆಯ ಯಾವಾಗ ಬಂತೆಂಬ ಮಾಹಿತಿ, 4–6 ತಿಂಗಳಿಗೊಮ್ಮೆ ವೃಷಣದ ಅಳತೆ ಇವು ನಿಧಾನವಾಗಿ ಉತ್ತರ ಕೊಡುತ್ತವೆ.

ಉತ್ತೇಜನ ಪರೀಕ್ಷೆ

ಬೆಳಗಿನ ಎಲ್‌ಎಚ್ ಗೊಂದಲದಲ್ಲಿಟ್ಟರೆ, ಮುಖ್ಯವಾಗಿ ಹರೆಯ ಬೇಗ ಬಂದಿದೆ ಎಂಬ ಅನುಮಾನವಿದ್ದರೆ, ಜಿಎನ್‌ಆರ್‌ಎಚ್‌ನಂತೆ ಕೆಲಸ ಮಾಡುವ ಔಷಧಿ ಕೊಟ್ಟು ಎಲ್‌ಎಚ್ ಎಷ್ಟು ಏರುತ್ತದೆಂದು ನೋಡುವ ಈ ಪರೀಕ್ಷೆಯನ್ನು ಮಕ್ಕಳ ಎಂಡೋಕ್ರೈನ್ (ಹಾರ್ಮೋನ್) ತಜ್ಞರ ನಿಗಾದಲ್ಲಿ ಮಾಡುತ್ತಾರೆ.

1. ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕಿ ಮೊದಲ ಮಾದರಿ ತೆಗೆಯಿರಿ.
2. ಗೊನಡೊರೆಲಿನ್ ಆದರೆ ಕೆಜಿಗೆ 2.5 ಮೈಕ್ರೊಗ್ರಾಂ, 100 ಮೀರದಂತೆ, ರಕ್ತನಾಳಕ್ಕೆ. ಅದು ಸಿಗದಿದ್ದರೆ ಲ್ಯೂಪ್ರೊಲೈಡ್ ಕೆಜಿಗೆ 20 ಮೈಕ್ರೊಗ್ರಾಂ, 500 ಮೀರದಂತೆ, ಚರ್ಮದಡಿಗೆ. ಇದು ನೀರಿನಂತಹ ದ್ರಾವಣವೇ ಆಗಿರಬೇಕು, ತಿಂಗಳುಗಟ್ಟಲೆ ಕೆಲಸ ಮಾಡುವ ಡಿಪೊ ಔಷಧಿಯನ್ನು ಇದೇ ಲೆಕ್ಕದಲ್ಲಿ ಬಳಸುವಂತಿಲ್ಲ.
3. ಗೊನಡೊರೆಲಿನ್ ಕೊಟ್ಟ ಮೇಲೆ 30 ಮತ್ತು 60ನೇ ನಿಮಿಷಕ್ಕೆ ಮತ್ತೆ ರಕ್ತ ತೆಗೆಯಿರಿ; ಲ್ಯೂಪ್ರೊಲೈಡ್ ಆದರೆ 60ನೇ ನಿಮಿಷದ್ದು ಮುಖ್ಯ, ಬೇಕಿದ್ದರೆ 24 ಗಂಟೆಯ ಮೇಲೆ ಟೆಸ್ಟೋಸ್ಟಿರಾನ್.
4. ಪ್ರತಿ ಸಲವೂ ಕ್ಯಾನುಲಾದ ಮೊದಲ 1–2 ಮಿಲಿ ಚೆಲ್ಲಿ, ಆಮೇಲಿನದನ್ನು ಟ್ಯೂಬಿಗೆ ತುಂಬಿ, ಹುಡುಗನ ಪಕ್ಕದಲ್ಲೇ ನಿಂತು ನಿಜವಾದ ನಿಮಿಷವನ್ನು ಬರೆಯಿರಿ.

ಎಲ್‌ಎಚ್ ಲೀಟರಿಗೆ 5 ಐಯು ದಾಟಿದರೆ ಹರೆಯ ಶುರುಮಾಡುವ ಮೆದುಳಿನ ಕೇಂದ್ರ ಎಚ್ಚರಗೊಂಡಿದೆ. ನಾಲ್ಕನೆಯ ಹೆಜ್ಜೆ ತಪ್ಪಿದಾಗ ಸಲೈನ್ ಬೆರೆತ ಮಾದರಿ ಲ್ಯಾಬಿಗೆ ಹೋಗುತ್ತದೆ. ಹಿಡಿಯುವುದು ಹೇಗೆಂದರೆ, ಆ ಒಂದು ಟ್ಯೂಬಿನಲ್ಲಿ ಎಲ್‌ಎಚ್ ಜೊತೆಗೆ ಎಫ್‌ಎಸ್‌ಎಚ್ ಕೂಡ ಧೊಪ್ಪೆಂದು ಬಿದ್ದಿರುತ್ತದೆ. ಔಷಧಿ ಕೊಟ್ಟ ಮೇಲೆ ಎಫ್‌ಎಸ್‌ಎಚ್ ಇಳಿಯಲು ಕಾರಣವೇ ಇಲ್ಲ. ತಡವಾದ ಹರೆಯದಲ್ಲಿ ಈ ಪರೀಕ್ಷೆಯ ಮೇಲೆ ಹೆಚ್ಚು ಭರವಸೆ ಇಡಬೇಡಿ, ತಡದ ಹುಡುಗನೂ ಕೊರತೆಯ ಹುಡುಗನೂ ಒಂದೇ ತೆರನಾಗಿ ಉತ್ತರಿಸಬಹುದು.

ಚಿಕಿತ್ಸೆ ನಡೆದಿರುವಾಗ

ತಡವಾದವರಿಗೆ ತಿಂಗಳಿಗೊಂದು ಸಣ್ಣ ಪ್ರಮಾಣದ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಕೆಲವು ತಿಂಗಳು ಕೊಡುವುದುಂಟು. ಆ ಅವಧಿಯಲ್ಲಿ ಅಳೆದ ಟೆಸ್ಟೋಸ್ಟಿರಾನ್ ಸೂಜಿಯದೋ ಹುಡುಗನದೋ ಗೊತ್ತಾಗದು, ಎಲ್‌ಎಚ್ ಕೂಡ ತಗ್ಗಿರುತ್ತದೆ. ಕೊನೆಯ ಚುಚ್ಚುಮದ್ದಿನ ನಂತರ ಕನಿಷ್ಠ ಕೆಲವು ವಾರ ಬಿಟ್ಟು ಬೆಳಗ್ಗೆ ಅಳೆಯಿರಿ. ಆದರೆ ಚುಚ್ಚುಮದ್ದಿನಿಂದ ವೃಷಣ ಬೆಳೆಯುವುದಿಲ್ಲ. ಚಿಕಿತ್ಸೆಯ ನಡುವೆಯೂ ಅದು 3ರಿಂದ 6 ಮಿಲಿಗೆ ಬಂದಿದ್ದರೆ ಹುಡುಗನ ಸ್ವಂತ ಹಾರ್ಮೋನ್ ಹೊರಟಿದೆ ಎಂದೇ ಅರ್ಥ.

ಕಾಯಬಾರದ ಸಂದರ್ಭ

9ಕ್ಕೆ ಮೊದಲೇ ವೃಷಣ ಬೆಳೆದು ಎಲ್‌ಎಚ್ ಹರೆಯದ ಮಟ್ಟದಲ್ಲಿದ್ದರೆ ಮೆದುಳಿನ ಎಂಆರ್‌ಐ ಮಾಡಿಸಬೇಕು. ಹುಡುಗರಲ್ಲಿ ಇದರ ಹಿಂದೆ ಮೆದುಳಿನ ತೊಂದರೆ ಇರುವ ಸಾಧ್ಯತೆ ಹುಡುಗಿಯರಿಗಿಂತ ಹೆಚ್ಚು. ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು ಜೊತೆಗಿದ್ದರೆ ಅಂದೇ. ಒಂದೇ ಕಡೆಯ ವೃಷಣ ದೊಡ್ಡದಾದರೆ, ಗಂಟು ಕೈಗೆ ಸಿಕ್ಕರೆ ರಕ್ತದ ರಿಪೋರ್ಟಿಗೆ ಕಾಯದೆ ಅಲ್ಟ್ರಾಸೌಂಡ್. ಹುಟ್ಟಿನಿಂದ ವೃಷಣ ಕೆಳಗಿಳಿಯದಿದ್ದ, ಶಿಶ್ನ ತೀರಾ ಚಿಕ್ಕದಾಗಿದ್ದ ಮಗುವಿಗೆ 14 ತುಂಬುವವರೆಗೆ ಕಾಯುವುದು ಬೇಡ. ತಡವಾದ ಹುಡುಗನನ್ನು ಮಲ್ಲಿಗೆಯ, ಒಗ್ಗರಣೆಯ ವಾಸನೆ ಗೊತ್ತಾಗುತ್ತದೆಯೇ ಎಂದು ಕೇಳಿ. ಹುಟ್ಟಿನಿಂದಲೇ ಮೂಗಿಗೆ ವಾಸನೆ ತಿಳಿಯದಿರುವುದು, ಹರೆಯ ತಾನಾಗಿ ಬರದ ಕಾಲ್‌ಮನ್ ಸಿಂಡ್ರೋಮಿನ ಗುರುತು, ಮತ್ತು ಯಾರೂ ಕೇಳದಿದ್ದರೆ ಯಾವ ಹುಡುಗನೂ ಅದನ್ನು ತಾನಾಗಿ ಹೇಳುವುದಿಲ್ಲ.